ಆಲ್ಪ್ಸ್‌ನ ಒಂದು ಊರು ತನ್ನ ಗೋಮಾಳವನ್ನು ಐನೂರು ವರ್ಷ ಉಳಿಸಿಕೊಂಡದ್ದು ಹೇಗೆ?

ಪ್ರಶ್ನೆ: ನಾವು ಸ್ವಿಟ್ಜರ್ಲೆಂಡ್ ಪ್ರವಾಸಕ್ಕೆ ಹೋಗಿದ್ದಾಗ ಫಿಸ್ಪ್‌ನಿಂದ ಜೆರ್ಮಾಟ್‌ಗೆ ರೈಲಿನಲ್ಲಿ ಸಾಗುವಾಗ, ಮೇಲಿನ ಇಳಿಜಾರಿನ ಊರೊಂದನ್ನು ತೋರಿಸಿ ‘ಅದು ಟೋರ್ಬೆಲ್, ಅಲ್ಲಿನ ಜನ ಐನೂರು ವರ್ಷಗಳಿಂದ ಊರೊಟ್ಟಿನ ಹುಲ್ಲುಗಾವಲನ್ನು ಕಾಪಾಡಿಕೊಂಡು ಬಂದಿದ್ದಾರೆ’ ಎಂದು ಮಾರ್ಗದರ್ಶಕರು ಹೇಳಿದರು. ಎಲ್ಲರಿಗೂ ಸೇರಿದ್ದು ಕೊನೆಗೆ ಹಾಳಾಗಿಯೇ ತೀರುತ್ತದೆ ಎಂದು ನಾನು ಕಾಲೇಜಿನಲ್ಲಿ ಓದಿದ್ದೆ. ಅವರು ಹೇಳಿದ್ದು ನಿಜವೇ? ಆ ಬೆಟ್ಟದ ಜನರ ಚರಿತ್ರೆ, ಬದುಕು, ಆಚರಣೆಗಳು ಹೇಗಿದ್ದವು? ಈಗಲೂ ಹಾಗೆಯೇ ಇವೆಯೇ?

ಉತ್ತರ: ನಿಜ, ಮತ್ತು ಅದಕ್ಕೆ ಬರಹದ ಸಾಕ್ಷಿಯೂ ಇದೆ. 1483ರ ಫೆಬ್ರುವರಿ 1ರಂದು ಟೋರ್ಬೆಲ್‌ನ ನಿವಾಸಿಗಳು ಒಂದು ಪತ್ರ ಬರೆಸಿ ಒಪ್ಪಿಗೆ ಹಾಕಿದರು. ಬೆಟ್ಟದ ಮೇಲಿನ ಹುಲ್ಲುಗಾವಲು, ಕಾಡು ಮತ್ತು ಪಾಳುಭೂಮಿಯ ಬಳಕೆಯನ್ನು ಹತೋಟಿಯಲ್ಲಿಡಲು ಸಂಘ ಕಟ್ಟಿಕೊಂಡರು. 1517ರ ದಾಖಲೆಯಲ್ಲಿ ಒಂದು ಕಟ್ಟಳೆ ಕಾಣಿಸುತ್ತದೆ: ಚಳಿಗಾಲದಲ್ಲಿ ತಾನು ಸಾಕಬಲ್ಲ ಹಸುಗಳಿಗಿಂತ ಹೆಚ್ಚು ಹಸುಗಳನ್ನು ಯಾರೂ ಬೇಸಿಗೆಯಲ್ಲಿ ಮೇಲಕ್ಕೆ ಕಳುಹಿಸುವಂತಿಲ್ಲ. ಈ ಒಂದು ಕಟ್ಟಳೆ ಹೇಗೆ ನಡೆಯಿತು ಎಂಬುದನ್ನು ಹಿಡಿದು ಹೊರಟರೆ ಆ ಜನರ ಮನೆ, ಊಟ, ಮದುವೆ, ಹಬ್ಬ ಎಲ್ಲವೂ ಒಂದೊಂದಾಗಿ ಅರ್ಥವಾಗುತ್ತವೆ. ಹಾಗಾಗಿ ನಾನೂ ಅದೇ ದಾರಿಯಲ್ಲಿ ಹೋಗುತ್ತೇನೆ.

ಮೊದಲು ಆ ನೆಲದ ಬಗ್ಗೆ ಎರಡು ಮಾತು. ಟೋರ್ಬೆಲ್ ಇರುವುದು ವಾಲೇ ಪ್ರಾಂತದ ಜರ್ಮನ್ ಭಾಷೆಯ ಭಾಗದಲ್ಲಿ, ಸುಮಾರು 1500 ಮೀಟರ್ ಎತ್ತರದ ಕಡಿದಾದ ಇಳಿಜಾರಿನಲ್ಲಿ. ಆಲ್ಪ್ಸ್ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಹಸಿರು ಮತ್ತು ಮಂಜು. ಆದರೆ ಈ ಕಣಿವೆ ಸ್ವಿಟ್ಜರ್ಲೆಂಡ್‌ನಲ್ಲೇ ಅತಿ ಒಣ ಪ್ರದೇಶಗಳಲ್ಲಿ ಒಂದು. ಉತ್ತರಕ್ಕೂ ದಕ್ಷಿಣಕ್ಕೂ ನಾಲ್ಕು ಸಾವಿರ ಮೀಟರ್ ಮೀರಿದ ಶಿಖರಗಳು ಮೋಡಗಳನ್ನು ತಡೆದು ನಿಲ್ಲಿಸುತ್ತವೆ. ಕಣಿವೆಯ ಬಾಯಲ್ಲಿರುವ ಫಿಸ್ಪ್ ಪಟ್ಟಣದಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್, ಅದೂ ಮಳೆ ಹಿಮ ಎರಡೂ ಸೇರಿ. ನೀರು ಹಾಯಿಸದಿದ್ದರೆ ಜುಲೈ ಹೊತ್ತಿಗೆ ಹುಲ್ಲು ಸುಟ್ಟು ಕಂದಾಗುತ್ತದೆ. ಹುಲ್ಲಿಲ್ಲದಿದ್ದರೆ ಹಸುವಿಲ್ಲ, ಹಸುವಿಲ್ಲದಿದ್ದರೆ ಆರು ತಿಂಗಳ ಚಳಿಗಾಲದಲ್ಲಿ ಬದುಕಿಲ್ಲ.

ಇಲ್ಲಿನ ಜನ ಆಲೆಮಾನ್ನಿ ಎಂಬ ಜರ್ಮನ್ ಬುಡಕಟ್ಟಿನವರ ಸಂತತಿ. ಸಾವಿರ ವರ್ಷಗಳಿಗೂ ಹಿಂದೆ ಉತ್ತರದಿಂದ ಕಣಿವೆ ದಾಟಿ ಬಂದವರು. ಹನ್ನೆರಡು, ಹದಿಮೂರನೆಯ ಶತಮಾನದಲ್ಲಿ ಇವರದೇ ಜನ ಗುಂಪುಗುಂಪಾಗಿ ಮತ್ತೆ ಹೊರಟು, ಬೇರೆಯವರು ಬೇಡವೆಂದು ಬಿಟ್ಟ ಎತ್ತರದ ಕಣಿವೆಗಳಲ್ಲಿ ನೆಲೆಸಿದರು. ಅವರಿಗೆ ವಾಲ್ಸರ್ ಎಂದು ಹೆಸರಾಯಿತು. ಇಟಲಿಯ ಕಡೆ ಗ್ರೆಸೊನೆ ಮತ್ತು ಅಲಾನ್ಯಾ, ಇಟಾಲಿಯನ್ ಆಡುವ ಟಿಚಿನೋ ಪ್ರಾಂತದ ನಡುವೆ ಬೋಸ್ಕೊ ಗುರಿನ್, ಪೂರ್ವದಲ್ಲಿ ದಾವೋಸ್, ಆಸ್ಟ್ರಿಯದ ಫೋರಾರ್ಲ್‌ಬರ್ಗ್‌ವರೆಗೂ ಅವರು ಹಬ್ಬಿದರು. ಇಂದು ಜಗತ್ತಿನ ಉದ್ಯಮಿಗಳು ಸೇರುವ ದಾವೋಸ್‌ನಲ್ಲಿ ವಾಲ್ಸರ್ ರೈತರು 1289ರಲ್ಲಿ ಗೇಣಿಪತ್ರ ಪಡೆದಿದ್ದರು. ಕಷ್ಟದ ನೆಲವನ್ನು ಹಸನು ಮಾಡಿಕೊಟ್ಟದ್ದಕ್ಕೆ ಅವರು ಒಡೆಯರಿಂದ ಕೇಳಿ ಪಡೆದದ್ದು ವಂಶಪಾರಂಪರ್ಯದ ಗೇಣಿ ಮತ್ತು ಜೀತವಿಲ್ಲದ ಬಾಳು. ಊರಿನ ವ್ಯವಹಾರ ಊರಿನವರ ಕೈಯಲ್ಲೇ ಇರಬೇಕು ಎಂಬ ಹಟದ ಬೇರು ಇಲ್ಲಿದೆ.

ಈಗ ಆ ಕಟ್ಟಳೆಗೆ ಬರೋಣ. ಮರಗಳ ಸಾಲು ಮುಗಿದ ಮೇಲಿನ ಬೇಸಿಗೆಯ ಹುಲ್ಲುಗಾವಲನ್ನು ಅಲ್ಲಿನವರು ಆಲ್ಪ್ ಎನ್ನುತ್ತಾರೆ. ಅದು ಊರೊಟ್ಟಿನದು, ನಮ್ಮ ಗೋಮಾಳದಂತೆ. ಊರಿನ ಸುತ್ತಲಿನ ಹುಲ್ಲಿನ ಹೊಲ, ರೈ ಧಾನ್ಯದ ಹೊಲ, ತರಕಾರಿ ತೋಟ, ಕೆಳಗಿನ ದ್ರಾಕ್ಷಿ ತೋಟ ಮಾತ್ರ ಖಾಸಗಿ. ಜೂನ್‌ನಲ್ಲಿ ಹಸುಗಳು ಆಲ್ಪ್‌ಗೆ ಹೋಗುತ್ತವೆ. ಅವು ಮೇಲಿರುವಾಗ ಕೆಳಗೆ ಉಳಿದವರು ತಮ್ಮ ಹೊಲದ ಹುಲ್ಲು ಕೊಯ್ದು, ಒಣಗಿಸಿ, ಬೆನ್ನ ಮೇಲೆ ಹೊತ್ತು ಅಟ್ಟಕ್ಕೆ ತುಂಬುತ್ತಾರೆ. ಚಳಿಗಾಲವಿಡೀ ಹಸು ತಿನ್ನುವುದು ಅದನ್ನೇ. ಆದ್ದರಿಂದ ಒಬ್ಬನ ಅಟ್ಟದಲ್ಲಿ ಎಷ್ಟು ಹುಲ್ಲಿದೆಯೋ ಅಷ್ಟೇ ಅವನ ಹಸು, ಅವನ ಹಸು ಎಷ್ಟೋ ಅಷ್ಟೇ ಆಲ್ಪ್‌ನಲ್ಲಿ ಅವನ ಪಾಲು. ದುಡ್ಡಿದ್ದವನೊಬ್ಬ ಮೇ ತಿಂಗಳಲ್ಲಿ ಕೆಳಗಿನ ಸಂತೆಯಿಂದ ಇಪ್ಪತ್ತು ಹಸು ಕೊಂಡು ತಂದು, ಬೇಸಿಗೆಯಲ್ಲಿ ಪುಕ್ಕಟೆ ಮೇಯಿಸಿ, ಶರತ್ಕಾಲದಲ್ಲಿ ಮಾರಿ ಲಾಭ ಮಾಡಿಕೊಳ್ಳುವ ದಾರಿ ಇದರಿಂದ ಮುಚ್ಚಿಹೋಯಿತು. ಕಟ್ಟಳೆಯ ಜಾಣ್ಮೆ ಅದರ ಅಳತೆಗೋಲಿನಲ್ಲಿದೆ. ಯಾರ ಅಟ್ಟದಲ್ಲಿ ಎಷ್ಟು ಹುಲ್ಲಿದೆ ಎಂಬುದು ಊರಿಗೆಲ್ಲ ತಿಳಿದ ವಿಷಯ. ಅದನ್ನು ಅಳೆಯಲು ಅಧಿಕಾರಿ ಬೇಕಾಗಿಲ್ಲ, ಬಚ್ಚಿಡಲೂ ಆಗುವುದಿಲ್ಲ.

ಹಸುಗಳು ಮೇಲೆ ತಲುಪಿದ ಕೂಡಲೇ ಲೆಕ್ಕ ಹಾಕಲಾಗುತ್ತಿತ್ತು. ಈ ಎಣಿಕೆಗೆ ಇನ್ನೊಂದು ಉದ್ದೇಶವೂ ಇತ್ತು. ಎಲ್ಲರ ಹಸುಗಳ ಹಾಲನ್ನೂ ಒಟ್ಟುಮಾಡಿ ಮೇಲೆಯೇ ಚೀಸ್ ತಯಾರಿಸಿ, ಬೇಸಿಗೆಯ ಕೊನೆಗೆ ಹಂಚುತ್ತಿದ್ದರು. ತನ್ನ ಹಸುವನ್ನು ಲೆಕ್ಕಕ್ಕೆ ಸಿಗದಂತೆ ನುಸುಳಿಸಿದವನಿಗೆ ಆ ಹಸುವಿನ ಚೀಸೂ ದಕ್ಕುವುದಿಲ್ಲ. ಕೋಟಾ ಮೀರಿದವರಿಗೆ ದಂಡ ಹಾಕಲು ಗೆವಾಲ್ಟ್‌ಹಾಬರ್ ಎಂಬ ಚುನಾಯಿತ ಅಧಿಕಾರಿ ಇದ್ದ, ಮತ್ತು ವಸೂಲಾದ ದಂಡದಲ್ಲಿ ಅರ್ಧ ಅವನಿಗೇ ಸೇರುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯುವ ಅಪಾಯ ಎಲ್ಲ ಕಾಲದಲ್ಲೂ ಇರುವುದೇ. ಇಲ್ಲಿ ಕಾವಲುಗಾರನಿಗೆ ಕಣ್ಣು ಮುಚ್ಚಿ ಕೂರುವುದಕ್ಕಿಂತ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವುದರಲ್ಲೇ ಹೆಚ್ಚು ಲಾಭವಿತ್ತು. ಹಸು ಇದ್ದ ಊರ ನಾಗರಿಕರೆಲ್ಲ ಸಂಘದ ಸದಸ್ಯರು. ವರ್ಷಕ್ಕೊಮ್ಮೆ ಸಭೆ. ಗೋಪಾಲಕರನ್ನು ನೇಮಿಸುವುದು, ಆಲ್ಪ್‌ನಲ್ಲಿ ಗೊಬ್ಬರ ಹರಡುವುದು, ಹಿಮಕುಸಿತಕ್ಕೆ ಮುರಿದ ಗುಡಿಸಲು ಮತ್ತು ದೊಡ್ಡಿಗಳನ್ನು ಮತ್ತೆ ಕಟ್ಟುವುದು, ದಾರಿ ದುರಸ್ತಿ, ಎಲ್ಲವೂ ಅಲ್ಲೇ ತೀರ್ಮಾನ. ಯಾರ ಹಸು ಎಷ್ಟೋ ಅಷ್ಟು ದುಡಿಮೆ ಅವರ ಪಾಲಿಗೆ.

ಕಾಡಿನ ಹಂಚಿಕೆ ನನಗೆ ಇನ್ನೂ ಇಷ್ಟ. ಕಡಿಯಬಹುದಾದ ಮರಗಳಿಗೆ ಊರಿನ ಅರಣ್ಯ ಮೇಲ್ವಿಚಾರಕ ಗುರುತು ಹಾಕುತ್ತಾನೆ. ಹಕ್ಕುಳ್ಳ ಮನೆಗಳವರು ತಂಡ ಕಟ್ಟಿಕೊಂಡು ಕಡಿದು, ಎಳೆದು ತಂದು, ಸರಿಸಮವಾದ ರಾಶಿಗಳಾಗಿ ಒಟ್ಟುತ್ತಾರೆ. ಆಮೇಲೆ ಚೀಟಿ ಎತ್ತಿ ಯಾವ ರಾಶಿ ಯಾರಿಗೆ ಎಂದು ನಿರ್ಧಾರ. ಯಾವುದು ತನಗೆ ಬರುತ್ತದೋ ಗೊತ್ತಿಲ್ಲದಿರುವಾಗ ರಾಶಿಗಳನ್ನು ಹೆಚ್ಚುಕಮ್ಮಿ ಮಾಡುವವನು ಯಾರು? ಆ ಮರಗಳನ್ನು ಬಿಟ್ಟು ಬೇರೆ ಮರಕ್ಕೆ ಕೊಡಲಿ ತಾಗಿಸುವಂತಿರಲಿಲ್ಲ. ಕಾಡು ಬೋಳಾದರೆ ಹಿಮಕುಸಿತ ನೇರವಾಗಿ ಮನೆಯ ಮೇಲೇ ಬೀಳುತ್ತದೆ ಎಂಬ ಅರಿವು ಆಲ್ಪ್ಸ್‌ನಲ್ಲಿ ಬಹಳ ಹಳೆಯದು. ಊರಿ ಪ್ರಾಂತದ ಆಂಡರ್‌ಮಾಟ್‌ನಲ್ಲಿ ಊರಿನ ಮೇಲಿನ ಕಾಡನ್ನು ಕಡಿಯಬಾರದೆಂದು 1397ರಲ್ಲೇ ನಿಷೇಧಪತ್ರ ಬರೆದಿಟ್ಟಿದ್ದಾರೆ.

ನೀರಿನ ವಿಷಯ ಇದಕ್ಕಿಂತ ಸೂಕ್ಷ್ಮ. ಹಿಮನದಿ ಮತ್ತು ಹಿಮ ಕರಗಿದ ತೊರೆಗಳಿಂದ ಇಳಿಜಾರಿನುದ್ದಕ್ಕೂ ಕಿಲೋಮೀಟರುಗಟ್ಟಲೆ ಕಾಲುವೆ ತೆಗೆದು ಹೊಲಕ್ಕೆ ತರಬೇಕು. ಈ ಕಾಲುವೆಗಳಿಗೆ ಅಲ್ಲಿ ಸುಓನ್ ಎನ್ನುತ್ತಾರೆ, ವಾಲೇಯ ಫ್ರೆಂಚ್ ಭಾಗದಲ್ಲಿ ಬಿಸ್. ಬಂಡೆ ಅಡ್ಡ ಬಂದಲ್ಲಿ ಮರದ ದೋಣಿಗಾಲುವೆಗಳನ್ನು ಗೋಡೆಯಂಥ ಬಂಡೆಗೆ ತೂಗುಹಾಕಿ ನೀರು ದಾಟಿಸಿದ್ದಾರೆ. ಫ್ರೆಂಚ್ ಭಾಗದ ಸವಿಯೇಸ್‌ನ ಅಂಥ ಕಾಲುವೆ ಹದಿನೈದನೆಯ ಶತಮಾನದ್ದು. ಪ್ರತಿ ವಸಂತದಲ್ಲೂ ಅದನ್ನು ದುರಸ್ತಿ ಮಾಡಲು ಹೋದವರಲ್ಲಿ ಕೆಲವರು ಬಿದ್ದು ಸತ್ತಿದ್ದಾರೆ. ಕಾಲುವೆಯ ನೀರುಗಂಟಿಗೆ ನೆರವಾಗಲು ಒಂದು ಉಪಾಯವಿತ್ತು: ಹರಿಯುವ ನೀರಿನಲ್ಲಿ ಚಿಕ್ಕ ಚಕ್ರ ಕೂರಿಸಿ, ಅದು ತಿರುಗಿದಂತೆಲ್ಲ ಮರದ ಸುತ್ತಿಗೆಯೊಂದು ಹಲಗೆಯ ಮೇಲೆ ಬಡಿಯುವಂತೆ ಮಾಡುವುದು. ಸದ್ದು ನಿಂತಿತೆಂದರೆ ಎಲ್ಲೋ ಕಾಲುವೆ ಕಟ್ಟಿದೆ ಅಥವಾ ಒಡೆದಿದೆ ಎಂದು ಓಡಬೇಕು.

ಹೀಗೆ ತಂದ ನೀರನ್ನು ಗಂಟೆಗಳ ಲೆಕ್ಕದಲ್ಲಿ ಹಂಚಿದರು. ಓದುಬರಹ ಬಾರದ ಕಾಲದಲ್ಲಿ ಲೆಕ್ಕ ಇಡುವುದೆಲ್ಲಿ? ಟೆಸೆಲ್ ಎಂಬ ಮರದ ತುಂಡುಗಳಲ್ಲಿ. ವಾಲೇಯ ವಸ್ತುಸಂಗ್ರಹಾಲಯಗಳಲ್ಲಿ ಇವು ಗೊಂಚಲುಗೊಂಚಲಾಗಿ ಇವೆ, ಸಾಧ್ಯವಾದರೆ ಹತ್ತಿರದಿಂದ ನೋಡಿ. ಕೈಯಲ್ಲಿ ಹಿಡಿಯುವಷ್ಟು ಉದ್ದದ ತುಂಡು. ಒಂದು ಮುಖದಲ್ಲಿ ಮನೆತನದ ಗುರುತು: ಶಿಲುಬೆಯೋ, ತ್ರಿಕೋನವೋ, ಅಡ್ಡಗೀಟುಗಳ ಜೋಡಣೆಯೋ. ಇನ್ನೊಂದು ಮುಖದಲ್ಲಿ ಕಚ್ಚುಗಳು: ಪೂರ್ತಿ ಗಂಟೆಗೆ ಒಂದು ಬಗೆ, ಅರ್ಧ ಗಂಟೆಗೆ ಒಂದು, ಕಾಲು ಗಂಟೆಗೆ ಇನ್ನೊಂದು. ತುಂಡುಗಳನ್ನೆಲ್ಲ ಪೋಣಿಸಿದರೆ ನೀರಿನ ಸರದಿಯ ಪಟ್ಟಿ ಸಿದ್ಧ. ನಡುರಾತ್ರಿ ಎರಡು ಗಂಟೆಗೆ ಸರದಿ ಬಂದರೆ ಎರಡು ಗಂಟೆಗೇ ಲಾಟೀನು ಹಿಡಿದು ಹೋಗಿ ತೂಬಿನ ಹಲಗೆ ಎತ್ತಬೇಕು. ಆಲ್ಪ್‌ನ ಹಕ್ಕು, ಸಾಲದ ಲೆಕ್ಕ, ಊರಿನ ಕೆಲಸದ ಸರದಿ, ಇವಕ್ಕೂ ಬೇರೆ ಬೇರೆ ಟೆಸೆಲ್‌ಗಳಿದ್ದವು. ಒಂದು ಇಡೀ ಊರಿನ ಕಂದಾಯ ಕಚೇರಿ ಒಂದು ಚರ್ಮದ ಪಟ್ಟಿಯಲ್ಲಿ ನೇತಾಡುತ್ತಿತ್ತು ಎಂದರೆ ಸುಳ್ಳಲ್ಲ. ಆಲ್ಪ್ಸ್ ಸೇರಿದಂತೆ ಯುರೋಪಿನ ಹಲವು ದೇಶಗಳ ಈ ಸಾಂಪ್ರದಾಯಿಕ ನೀರಾವರಿಯನ್ನೂ, ಬೇಸಿಗೆಯಲ್ಲಿ ಹಸುಗಳನ್ನು ಆಲ್ಪ್‌ಗೆ ಒಯ್ಯುವ ಸ್ವಿಟ್ಜರ್ಲೆಂಡ್‌ನ ಪದ್ಧತಿಯನ್ನೂ 2023ರಲ್ಲಿ ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಹಕ್ಕನ್ನು ಇಷ್ಟು ಸಣ್ಣದಾಗಿ ಕತ್ತರಿಸುವ ಅಭ್ಯಾಸ ಮನೆಯೊಳಗೂ ಇತ್ತು. ವಾಲೇಯಲ್ಲಿ ಆಸ್ತಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲು. ಹಾಗಾಗಿ ಒಂದೇ ಮನೆಯ ಕೆಳ ಅಂತಸ್ತು ಒಬ್ಬರದು, ಮೇಲಂತಸ್ತು ಇನ್ನೊಬ್ಬರದು; ಕೊಟ್ಟಿಗೆಯಲ್ಲಿ ನಾಲ್ಕನೇ ಒಂದು ಪಾಲು, ಕಣಜದಲ್ಲಿ ಆರನೇ ಒಂದು ಪಾಲು. ಬಿಸಿಲಿಗೆ ಕಪ್ಪಾದ ಲಾರ್ಚ್ ಮರದ ಆ ಕಣಜಗಳು ನಿಮ್ಮ ಪ್ರವಾಸದಲ್ಲೂ ಕಂಡಿರಬಹುದು. ಪ್ರತಿ ಕಂಬದ ತಲೆಯ ಮೇಲೆ ಅಗಲವಾದ ದುಂಡುಗಲ್ಲು ಇಟ್ಟು ಅದರ ಮೇಲೆ ಕಣಜ ಕೂರಿಸಿರುತ್ತಾರೆ. ಕಂಬ ಹತ್ತಿದ ಇಲಿ ಕಲ್ಲಿನ ಅಂಚಿನಲ್ಲಿ ತಲೆಕೆಳಗಾಗಿ ನಡೆಯಲಾರದೆ ಹಿಂತಿರುಗುತ್ತದೆ. ಒಳಗಿರುತ್ತಿದ್ದದ್ದು ರೈ. ಊರಿನ ಒಂದೇ ಒಲೆಮನೆಯಲ್ಲಿ ವರ್ಷಕ್ಕೆ ಎರಡು ಮೂರು ಬಾರಿ ಮಾತ್ರ ಬೆಂಕಿ ಹಾಕಿ, ಸರದಿಯ ಪ್ರಕಾರ ಎಲ್ಲ ಮನೆಗಳವರೂ ತಿಂಗಳುಗಟ್ಟಲೆಗೆ ಆಗುವಷ್ಟು ಬ್ರೆಡ್ ಸುಟ್ಟುಕೊಳ್ಳುತ್ತಿದ್ದರು. ಸೌದೆ ಉಳಿಸಲು ಇದೇ ದಾರಿ. ಕಲ್ಲಿನಂತೆ ಗಟ್ಟಿಯಾದ ಆ ಬ್ರೆಡ್ಡನ್ನು ಹಲಗೆಗೆ ಕೀಲು ಹಾಕಿ ಕೂರಿಸಿದ ದೊಡ್ಡ ಕತ್ತಿಯಿಂದ ತುಂಡರಿಸಬೇಕಿತ್ತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಆಲೂಗಡ್ಡೆ ಬಂದ ಮೇಲೆಯೇ ಹೊಟ್ಟೆಯ ಚಿಂತೆ ಸ್ವಲ್ಪ ಹಗುರಾಗಿ ಜನಸಂಖ್ಯೆ ಏರತೊಡಗಿದ್ದು.

ಇಂಥ ಬದುಕಿನ ನಂಬಿಕೆಗಳೂ ಅದೇ ಮಣ್ಣಿನವು. ಗಡಿಕಲ್ಲು ಜರುಗಿಸಿದವನ ಆತ್ಮಕ್ಕೆ ಸತ್ತ ಮೇಲೂ ಬಿಡುಗಡೆಯಿಲ್ಲ ಎಂಬ ಕಥೆಗಳು ಆಲ್ಪ್ಸ್ ತುಂಬ ಇವೆ. ವಾಲೇಯಲ್ಲಿ ಸತ್ತವರು ರಾತ್ರಿ ಸಾಲಾಗಿ ಬೆಟ್ಟದ ಏಣಿನ ಮೇಲೆ ನಡೆಯುತ್ತಾರೆ ಎಂದು ನಂಬುತ್ತಿದ್ದರು; ಪಾಪ ತೀರದ ಆತ್ಮಗಳು ಆಲೆಚ್ ಹಿಮನದಿಯ ಮಂಜಿನೊಳಗೆ ನಡುಗುತ್ತಾ ಕಾಯುತ್ತವೆ ಎಂದೂ. ಆ ಹಿಮನದಿಯ ಅಂಚಿನಲ್ಲಿ ಒಬ್ಬಳೇ ವಾಸವಿದ್ದ ನೂಲುವ ಮುದುಕಿಯೊಬ್ಬಳು ಚಳಿಯ ರಾತ್ರಿ ಬಾಗಿಲು ತೆರೆದಿಟ್ಟು, ಆ ಆತ್ಮಗಳು ಒಳಗೆ ಬಂದು ಮೈ ಕಾಯಿಸಿಕೊಳ್ಳಲಿ ಎಂದು ಬಿಡುತ್ತಿದ್ದಳಂತೆ. ದಂಡ, ಕೋಟಾ, ಗಂಟೆ, ಕಾಲುಗಂಟೆ ಎಂದು ಲೆಕ್ಕ ಹಾಕಿದ ಜನರೇ ಈ ಕಥೆಯನ್ನೂ ಹೇಳಿಕೊಂಡು ಬಂದರು. ಅವರ ನಿಷ್ಠುರವನ್ನು ಮಾತ್ರ ನೋಡಿ ಈ ಕರುಣೆಯನ್ನು ಕಾಣದೆ ಹೋಗಬಾರದು.

ಪಕ್ಕದ ಲೋಟ್ಶೆನ್‌ಟಾಲ್ ಕಣಿವೆಯಲ್ಲಿ ಫೆಬ್ರುವರಿ ಆರಂಭದಿಂದ ಕ್ರೈಸ್ತರ ತಪಸ್ಸಿನ ಕಾಲ ಶುರುವಾಗುವವರೆಗೆ ಚೆಗ್ಗೆಟ್ಟೆ ಎಂಬ ವೇಷಧಾರಿಗಳ ಹಾವಳಿ. ಆರ್ವೆ ಎಂಬ ಬೆಟ್ಟದ ಪೈನ್ ಮರದಲ್ಲಿ ಕೆತ್ತಿದ ವಿಕಾರ ಮುಖವಾಡ, ಮೈಗೆ ಕುರಿ ಆಡುಗಳ ತುಪ್ಪಳ, ಸೊಂಟಕ್ಕೆ ಹಸುವಿನ ದೊಡ್ಡ ಗಂಟೆ. ಹಿಂದೆ ಮದುವೆಯಾಗದ ಹುಡುಗರಿಗೆ ಮಾತ್ರ ಈ ವೇಷ ಹಾಕುವ ಅವಕಾಶವಿತ್ತು. ಇನ್ನು ವಾಲೇಯ ಎರಿಂಗರ್ ತಳಿಯ ಹಸುಗಳು ಆಲ್ಪ್‌ಗೆ ಏರಿದ ಮೊದಲ ದಿನ ತಮ್ಮತಮ್ಮಲ್ಲೇ ಕೊಂಬು ತಾಗಿಸಿ ಹಿಂಡಿನ ಯಜಮಾನಿಕೆ ತೀರ್ಮಾನಿಸಿಕೊಳ್ಳುತ್ತವೆ. ಗೆದ್ದ ಹಸುವಿಗೆ ರಾಣಿ ಎಂದು ಹೆಸರು, ಅದರ ಮನೆಯವರಿಗೆ ವರ್ಷವಿಡೀ ಹೆಮ್ಮೆ.

ಇಷ್ಟೆಲ್ಲ ಓದಿ ಟೋರ್ಬೆಲ್ ರಾಮರಾಜ್ಯವೆಂದು ದಯವಿಟ್ಟು ತಿಳಿಯಬೇಡಿ. 1483ರ ಆ ಪತ್ರವೇ ಹೊರಗಿನವರ ಬಗ್ಗೆ ಕಟುವಾಗಿದೆ: ಹೊರಗಿನವನು ಟೋರ್ಬೆಲ್‌ನಲ್ಲಿ ಜಮೀನು ಕೊಂಡರೂ ಆಲ್ಪ್‌ನಲ್ಲಾಗಲಿ ಕಾಡಿನಲ್ಲಾಗಲಿ ಅವನಿಗೆ ಹಕ್ಕಿಲ್ಲ, ಸೇರಿಸಿಕೊಳ್ಳುವುದೂ ಬಿಡುವುದೂ ಒಳಗಿನವರ ಇಚ್ಛೆ. ಜೆರ್ಮಾಟ್‌ನ ಉದಾಹರಣೆ ಇನ್ನೂ ಸ್ಪಷ್ಟ. 1865ರಲ್ಲಿ ಮ್ಯಾಟರ್‌ಹಾರ್ನ್ ಶಿಖರವನ್ನು ಮೊದಲ ಬಾರಿ ಏರಿದ ಮೇಲೆ ಪ್ರವಾಸಿಗರ ದಂಡು ಬರತೊಡಗಿತು. ಅಲೆಕ್ಸಾಂಡರ್ ಸೈಲರ್ ಎಂಬ ಹೋಟೆಲ್ ಉದ್ಯಮಿ ಆ ಊರನ್ನು ಜಗತ್ಪ್ರಸಿದ್ಧ ಮಾಡಿದರು. ಆದರೂ ಮೂಲ ನಿವಾಸಿಗಳ ಸಂಘದಲ್ಲಿ ಹಕ್ಕು ಪಡೆಯಲು ಅವರು ವರ್ಷಗಟ್ಟಲೆ ಹೋರಾಡಿ, 1889ರಲ್ಲಷ್ಟೇ ಗೆದ್ದರು. ಅದೇ ಸಂಘ ಇಂದು ಜೆರ್ಮಾಟ್‌ನಲ್ಲಿ ಸ್ವತಃ ಹೋಟೆಲ್‌ಗಳ ಒಡೆತನ ಹೊಂದಿದೆ.

ಒಳಗಿನವರೂ ಬೆಲೆ ತೆತ್ತಿದ್ದಾರೆ. ಹೊಲ ಸಿಗದೆ ಸಂಸಾರ ಹೂಡುವಂತಿಲ್ಲ, ಆದ್ದರಿಂದ ಮದುವೆ ತಡ. ಮದುವೆಯಿಲ್ಲದೆ ಅಣ್ಣನ ಮನೆಯಲ್ಲೇ ದುಡಿದು ಮುದುಕರಾದವರು ಪ್ರತಿ ತಲೆಮಾರಿನಲ್ಲೂ ಇದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಎಷ್ಟೋ ಕುಟುಂಬಗಳು ಸಮುದ್ರ ದಾಟಿದವು. ಅರ್ಜೆಂಟೀನಾದ ಸಾನ್ ಹೆರೋನಿಮೊ ನೋರ್ಟೆ ಎಂಬ ಊರನ್ನು 1858ರಲ್ಲಿ ಕಟ್ಟಿದವರು ಮೇಲಿನ ವಾಲೇಯ ವಲಸಿಗರು. ಹೆಂಗಸರು ಆಸ್ತಿಯಲ್ಲಿ ಸಮಪಾಲು ಪಡೆದರೂ ಸಭೆಯಲ್ಲಿ ಅವರಿಗೆ ಮತವಿರಲಿಲ್ಲ. ಸ್ವಿಟ್ಜರ್ಲೆಂಡ್‌ನ ಮಹಿಳೆಯರಿಗೆ ರಾಷ್ಟ್ರಮಟ್ಟದ ಮತದಾನದ ಹಕ್ಕು ದೊರೆತದ್ದು 1971ರಲ್ಲಿ. ಟೋರ್ಬೆಲ್‌ಗೆ ಹೆಚ್ಚು ದೂರವಲ್ಲದ ಉಂಟರ್‌ಬೇಕ್ ಎಂಬ ಬೆಟ್ಟದ ಹಳ್ಳಿಯಲ್ಲಿ 1957ರ ಮಾರ್ಚ್‌ನಲ್ಲಿ, ಮೇಲಿನ ಸರ್ಕಾರದ ವಿರೋಧವನ್ನು ಲೆಕ್ಕಿಸದೆ, 33 ಮಹಿಳೆಯರು ಮತ ಹಾಕಿದರು. ಅವರ ಮತಗಳನ್ನು ಎಣಿಕೆಗೆ ತೆಗೆದುಕೊಳ್ಳಲಿಲ್ಲ. ಈ ಸಂಗತಿಯನ್ನು ಬಿಟ್ಟು ಆಲ್ಪ್ಸ್‌ನ ಗ್ರಾಮಸಭೆಗಳನ್ನು ಹೊಗಳುವುದು ಅನ್ಯಾಯ.

ನಿಮ್ಮ ಕಾಲೇಜಿನ ಪಾಠದ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಎಲ್ಲರ ಹುಲ್ಲುಗಾವಲು ಹಾಳಾಗಿಯೇ ತೀರುತ್ತದೆ ಎಂದು 1968ರಲ್ಲಿ ವಾದಿಸಿದವರು ಅಮೆರಿಕದ ಜೀವವಿಜ್ಞಾನಿ ಗ್ಯಾರೆಟ್ ಹಾರ್ಡಿನ್. ಅವರು ಕಲ್ಪಿಸಿಕೊಂಡದ್ದು ಯಾರ ಕಟ್ಟುಪಾಡೂ ಇಲ್ಲದ ಹುಲ್ಲುಗಾವಲನ್ನು. ತಮ್ಮ ವಾದ ಹತೋಟಿಯಿಲ್ಲದ ಸಾಮೂಹಿಕ ಆಸ್ತಿಗೆ ಮಾತ್ರ ಅನ್ವಯ ಎಂದು ಮುಂದೆ ಅವರೇ ತಿದ್ದಿಕೊಂಡರು. 1970ರ ದಶಕದ ಆರಂಭದಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞ ರಾಬರ್ಟ್ ನೆಟ್ಟಿಂಗ್ ಟೋರ್ಬೆಲ್‌ನಲ್ಲಿ ಕುಟುಂಬದೊಡನೆ ನೆಲೆಸಿ, ಚರ್ಚಿನ ಜನನ ಮರಣ ದಾಖಲೆಗಳನ್ನೂ ಹಳೆಯ ಪತ್ರಗಳನ್ನೂ ಜಾಲಾಡಿದರು. ಹುಲ್ಲಿನ ಹೊಲ ಖಾಸಗಿ, ಆಲ್ಪ್ ಸಾಮೂಹಿಕ ಎಂಬ ಭೇದ ಹಾಗೇಕೆ ಎಂದು ತೋರಿಸಿದವರು ಅವರು: ಚಿಕ್ಕ ಜಾಗದಲ್ಲಿ ಹೆಚ್ಚು ಫಸಲು ಕೊಡುವ ಹೊಲವನ್ನು ಒಬ್ಬ ನೋಡಿಕೊಳ್ಳಬಲ್ಲ, ವಿಸ್ತಾರವಾದ, ಫಸಲು ಕಡಿಮೆಯ, ಯಾವ ವರ್ಷ ಎಲ್ಲಿ ಹುಲ್ಲು ಬರುವುದೋ ಹೇಳಲಾಗದ ಬೆಟ್ಟಕ್ಕೆ ಬೇಲಿ ಹಾಕಿದರೆ ಖರ್ಚೇ ಹೆಚ್ಚು. ಅಮೆರಿಕದ ವಿದ್ವಾಂಸೆ ಎಲಿನರ್ ಆಸ್ಟ್ರಂ ಈ ಅಧ್ಯಯನವನ್ನು ಆಧಾರಗಳಲ್ಲಿ ಒಂದಾಗಿ ಬಳಸಿಕೊಂಡು, ಸಾಮೂಹಿಕ ಸಂಪನ್ಮೂಲವನ್ನು ಬಳಕೆದಾರರೇ ಹೇಗೆ ಉಳಿಸಿಕೊಳ್ಳಬಲ್ಲರು ಎಂದು ವಿವರಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು, ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು.

ಈಗಲೂ ಹಾಗೆಯೇ ಇದೆಯೇ ಎಂದು ಕೇಳಿದ್ದೀರಿ. ಇಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫಿಸ್ಪ್‌ನಲ್ಲಿ ಲೋನ್ಸಾ ರಾಸಾಯನಿಕ ಕಾರ್ಖಾನೆ ಬಂತು, ಆಮೇಲೆ ಅಣೆಕಟ್ಟುಗಳು, ರಸ್ತೆ, ಬಸ್. ಬೆಟ್ಟದ ಗಂಡಸರು ಹಗಲು ಕಾರ್ಖಾನೆಯಲ್ಲಿ ದುಡಿದು ಸಂಜೆ ಹುಲ್ಲು ಕೊಯ್ಯುವ ಅರೆ ರೈತರಾದರು. ಅವರ ಮಕ್ಕಳಲ್ಲಿ ಹೆಚ್ಚಿನವರು ಹುಲ್ಲು ಕೊಯ್ಯುವುದನ್ನೇ ಬಿಟ್ಟರು. ಆಲ್ಪ್ಸ್‌ನ ಎಷ್ಟೋ ಕಡೆ ಇಂದಿನ ತೊಂದರೆ ಹಸು ಹೆಚ್ಚಾದದ್ದಲ್ಲ, ಕಡಿಮೆಯಾದದ್ದು. ಮೇಯದ ಹುಲ್ಲುಗಾವಲಿನಲ್ಲಿ ಪೊದೆ ಬೆಳೆದು ಕಾಡು ನುಗ್ಗುತ್ತಿದೆ, ಹೂಬಿಡುವ ಬಗೆಬಗೆಯ ಹುಲ್ಲುಗಳು ಮರೆಯಾಗುತ್ತಿವೆ. ಅತಿ ಮೇವನ್ನು ತಡೆಯಲು ಹುಟ್ಟಿದ ಸಂಘಗಳು ಈಗ ಮೇಯಿಸುವವರನ್ನು ಹುಡುಕುತ್ತಿವೆ, ಸರ್ಕಾರ ಆಲ್ಪ್‌ಗೆ ಹಸು ಕಳುಹಿಸುವವರಿಗೆ ಸಹಾಯಧನ ಕೊಡುತ್ತಿದೆ.

ಇದಕ್ಕಿಂತ ದೊಡ್ಡ ಬದಲಾವಣೆ ಮೇಲಿನ ಮಂಜಿನದು. ಆಲೆಚ್ ಹಿಮನದಿಯ ಬುಡದ ಫೀಶ್ ಮತ್ತು ಫೀಶರ್‌ಟಾಲ್ ಊರಿನವರು ಹಿಮನದಿ ಬೆಳೆದು ತಮ್ಮ ಮೇಲೆ ಬರದಿರಲೆಂದು 1678ರಲ್ಲಿ ಹರಕೆ ಹೊತ್ತಿದ್ದರು. ಹಿಮನದಿ ಕರಗಿ ಹಿಂದೆ ಸರಿಯುತ್ತಿರುವುದನ್ನು ಕಂಡು, ಇನ್ನು ಮುಂದೆ ಅದು ಬೆಳೆಯಲಿ ಎಂದು ಪ್ರಾರ್ಥಿಸಲು ಪೋಪ್ ಅವರ ಅನುಮತಿ ಕೇಳಿ 2010ರಲ್ಲಿ ಪಡೆದರು. 2025ರ ಮೇ 28ರಂದು ಲೋಟ್ಶೆನ್‌ಟಾಲ್‌ನ ಬಿರ್ಚ್ ಹಿಮನದಿ ಕುಸಿದು, ಬಂಡೆ ಮತ್ತು ಮಂಜಿನ ಅಡಿಯಲ್ಲಿ ಬ್ಲಾಟೆನ್ ಎಂಬ ಊರಿನ ಬಹುಭಾಗ ಹೂತುಹೋಯಿತು. ಅಲ್ಲಿನ ಸುಮಾರು 300 ಜನರನ್ನೂ ಅವರ ಜಾನುವಾರುಗಳನ್ನೂ ಒಂಬತ್ತು ದಿನ ಮೊದಲೇ ಸ್ಥಳಾಂತರಿಸಿದ್ದರಿಂದ ದೊಡ್ಡ ಸಾವುನೋವು ತಪ್ಪಿತು, ಆದರೆ ಒಬ್ಬರು ಜೀವ ಕಳೆದುಕೊಂಡರು. ಶತಮಾನಗಳ ಎಷ್ಟೋ ಮನೆಗಳು, ಕಣಜಗಳು, ಚರ್ಚು ಇಲ್ಲವಾದವು. ಬ್ಲಾಟೆನ್‌ನವರು ಅದೇ ಕಣಿವೆಯಲ್ಲಿ ಮತ್ತೆ ಊರು ಕಟ್ಟುತ್ತೇವೆ ಎಂದಿದ್ದಾರೆ. ಎಲ್ಲಿ ಕಟ್ಟಬೇಕು, ಯಾರಿಗೆ ಎಷ್ಟು ಜಾಗ, ದುಡಿಮೆ ಮತ್ತು ಖರ್ಚಿನ ಪಾಲು ಹೇಗೆ ಎಂಬ ಪ್ರಶ್ನೆಗಳು ಮತ್ತೆ ಅವರ ಊರಸಭೆಯ ಮುಂದಿವೆ.